ಹನ್ನೆರಡು ಎಣಿಸುವಷ್ಟು ಹೊತ್ತು

ಮೇಷ್ಟ್ರ ಮುಖಕ್ಕಿಂತ ಅವರ ಬೆನ್ನೇ ನನಗೆ ಚೆನ್ನಾಗಿ ನೆನಪಿದೆ. ತಿಳಿನೀಲಿ ಬಣ್ಣದ ಅರ್ಧ ತೋಳಿನ ಅಂಗಿ, ನಡುಬೆನ್ನಿನಲ್ಲಿ ಬೆವರಿನ ಉದ್ದ ಪಟ್ಟೆ, ಕಾಲರಿನೊಳಗೆ ಮಡಚಿ ಸಿಕ್ಕಿಸಿದ ಕರ್ಚೀಫು. ಬಲಗೈಯಲ್ಲಿ ಡಸ್ಟರ್ ಹಿಡಿದು, ಒರೆಸಲು ಏನೂ ಇಲ್ಲದ ಕಪ್ಪು ಹಲಗೆಯನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಒರೆಸುತ್ತಾ ನಿಲ್ಲುತ್ತಿದ್ದರು. ಅಷ್ಟು ಹೊತ್ತು ಯಾರೂ ಮಾತಾಡುವಂತಿರಲಿಲ್ಲ. ಒಳಗೊಳಗೇ ಹನ್ನೆರಡರವರೆಗೆ ಎಣಿಸಿ, ಆಮೇಲೆ ಈ ಕಡೆ ತಿರುಗುತ್ತಿದ್ದರು.

ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಆರು ವಾರ ತಡವಾಗಿ. ತಿಳಿಸಿದವನು ಮಾಕಳಿಯ ಒಬ್ಬ ಕಾರ್ಖಾನೆ ಕೆಲಸಗಾರ. ಅವನನ್ನು ಅಲ್ಲಿಯವರೆಗೆ ನಾನು ನೋಡಿದ್ದು ಒಂದೇ ಸಲ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಫೋನಿಟ್ಟ ಕೂಡಲೇ ನನಗೆ ಅಳು ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಸಮಾಧಾನ. ಇನ್ನು ಇವರಿಗೆ ಉತ್ತರ ಹೇಳಬೇಕಾಗಿಲ್ಲವಲ್ಲ ಎಂಬ ದರಿದ್ರ ಸಮಾಧಾನ. ಅದರ ಬೆನ್ನಿಗೇ ನಾಚಿಕೆಯೂ ಬಂತು. ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ನಾನು ಸುಳ್ಳು ಉತ್ತರ ಕೊಟ್ಟು ಎದ್ದು ಬಂದಿದ್ದೆ. ಇದನ್ನು ಬರೆಯುತ್ತಿರುವುದು ಅದಕ್ಕೇ.

ನಾನಾಗ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿದ್ದೆ. ಅಲ್ಲಿಗೆ ಮೆಟ್ರೋ ಬರುತ್ತದಂತೆ ಎಂದು ಜನ ಬರೀ ಮಾತಾಡಿಕೊಳ್ಳುತ್ತಿದ್ದ ಕಾಲ. ಮೊಬೈಲಿನಲ್ಲಿ ಪಾಠ ಕಲಿಸುವುದು ಕಂಪನಿಯ ಕಸುಬು, ಜನ ಹೇಗೆ ಕಲಿಯುತ್ತಾರೆ ಎಂದು ಸಂಶೋಧನೆ ಮಾಡುವುದು ನನ್ನ ಕೆಲಸ. ಕೇಳುವುದಕ್ಕೆ ಜೋರಾಗಿದೆ. ಆದರೆ ಕಲಿಯುವ ಒಬ್ಬರ ಮುಖವನ್ನೂ ನಾನು ನೋಡಿರಲಿಲ್ಲ. ನನಗೆ ಕಾಣುತ್ತಿದ್ದುದು ಅವರ ಬೆರಳಿನ ಗುರುತು ಮಾತ್ರ: ಎಲ್ಲಿ ಒತ್ತಿದರು, ಎಲ್ಲಿ ನಿಲ್ಲಿಸಿದರು, ಎಲ್ಲಿ ಬಿಟ್ಟು ಹೋದರು. ಅದನ್ನೆಲ್ಲ ಸೇರಿಸಿ ಗೆರೆ ಎಳೆದರೆ ಏರುತಗ್ಗಿನ ಒಂದು ಚಿತ್ರ ಬರುತ್ತಿತ್ತು. ಆ ಚಿತ್ರ ನೋಡಿ ಅಭಿಪ್ರಾಯ ಹೇಳುವುದರಲ್ಲಿ ನನಗೆ ಹೆಸರಿತ್ತು, ಸ್ವಲ್ಪ ಕೊಬ್ಬೂ ಇತ್ತು.

ಇರುತ್ತಿದ್ದುದು ದೊಡ್ಡನೆಕ್ಕುಂದಿಯ ಒಂದು ಪಿಜಿಯಲ್ಲಿ. ನನ್ನ ರೂಮಿನವಳದು ರಾತ್ರಿ ಪಾಳಿ. ಅವಳು ಬಂದು ಮಲಗುವ ಹೊತ್ತಿಗೆ ನಾನು ಹೊರಡುತ್ತಿದ್ದೆ, ನಾನು ಬರುವ ಹೊತ್ತಿಗೆ ಅವಳು ಹೊರಟಿರುತ್ತಿದ್ದಳು. ಒಂದು ವರ್ಷ ಒಂದೇ ಬಕೆಟ್ಟಿನಲ್ಲಿ ಬಟ್ಟೆ ನೆನೆಸಿದೆವು, ಅವಳಿಗೆ ಎಷ್ಟು ಜನ ಅಕ್ಕತಂಗಿಯರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಮಧ್ಯಾಹ್ನದ ಊಟದವರೆಗೆ ಬಾಯಿ ಬಿಡದ ದಿನಗಳಿದ್ದವು. ಒಮ್ಮೆ ಅಮ್ಮ ಫೋನು ಮಾಡಿದಾಗ ನನ್ನ ಗಂಟಲು ಕಟ್ಟಿದ್ದು ಕೇಳಿ, ನೆಗಡಿಯಾ ಎಂದರು. ಹೌದು ಎಂದುಬಿಟ್ಟೆ.

ಮೇಷ್ಟ್ರು ಕಂಪನಿಗೆ ಬಂದದ್ದು ಆಗ. ಪೀಣ್ಯದ ಕಡೆ ಒಂದು ಐಟಿಐನಲ್ಲಿ ಮೂವತ್ತು ವರ್ಷ ಲೋಹ ಕಡೆಯುವ ಲೇತ್ ಯಂತ್ರದ ಕೆಲಸ ಕಲಿಸಿ ನಿವೃತ್ತರಾದವರು. ವರ್ಕ್‌ಶಾಪುಗಳಲ್ಲಿ ಕಣ್ಣಳತೆಯಲ್ಲೇ ಕೆಲಸ ಕಲಿತವರಿಗೆ, ಅಳೆಯುವುದು ಹೇಗೆ, ನಕ್ಷೆ ಓದುವುದು ಹೇಗೆ ಎಂದು ಕನ್ನಡದಲ್ಲಿ ಹೇಳಿಕೊಡುವ ಕೋರ್ಸು ಅವರದ್ದು. ದಾಸರಹಳ್ಳಿಯಿಂದ ಎರಡು ಬಸ್ಸು ಬದಲಿಸಿ, ಊರಿನ ಈ ತುದಿಯಿಂದ ಆ ತುದಿಗೆ ಬರಬೇಕಿತ್ತು. ಬಂದವರು ರಿಸೆಪ್ಷನ್ನಿನ ಸೋಫಾದಲ್ಲಿ ಕೂರುತ್ತಿರಲಿಲ್ಲ, ಅದು ಮೆತ್ತಗಿದೆ, ಎದ್ದೇಳಲು ಆಗಲ್ಲ ಎಂದು ಸೆಕ್ಯುರಿಟಿಯವನ ಪ್ಲಾಸ್ಟಿಕ್ ಕುರ್ಚಿಯ ಪಕ್ಕ ನಿಂತು ಅವನ ಊರು ಕೇರಿ ವಿಚಾರಿಸುತ್ತಿದ್ದರು. ಬಗಲಿಗೆ ಒಂದು ಬಟ್ಟೆಚೀಲ. ಅದರಲ್ಲಿ ವರ್ನಿಯರ್ ಕ್ಯಾಲಿಪರ್, ತಾವೇ ಲೇತಿನಲ್ಲಿ ಕಡೆದ ಉಕ್ಕಿನ ತುಂಡುಗಳು, ಸೀಮೆಸುಣ್ಣದ ಡಬ್ಬಿ, ಚಿತ್ರಾನ್ನದ ಡಬ್ಬಿ.

ನಮ್ಮ ಸ್ಟುಡಿಯೋ ಎಂದರೆ ಹಳೇ ಸ್ಟೋರ್ ರೂಮು. ಗೋಡೆಗೆಲ್ಲ ಸ್ಪಾಂಜು ಬಡಿದಿದ್ದರು. ಸದ್ದಾಗುತ್ತದೆಂದು ರೆಕಾರ್ಡಿಂಗ್ ಹೊತ್ತಿನಲ್ಲಿ ಎಸಿ ಆರಿಸುತ್ತಿದ್ದರು, ಹತ್ತು ನಿಮಿಷಕ್ಕೆ ಒಳಗಿದ್ದವರು ಬೆಂದು ಹೋಗುತ್ತಿದ್ದರು. ಮೊದಲ ದಿನ ಮೇಷ್ಟ್ರು ಕ್ಯಾಮೆರಾ ಎದುರು ನಿಂತು ಮೂರು ಸಲ ಬಾಯಿ ತೆರೆದರು, ಮೂರು ಸಲವೂ ಮುಚ್ಚಿದರು. ಕ್ಯಾಮೆರಾದ ಹುಡುಗ ಏನಾಯ್ತು ಸಾರ್ ಎಂದರೆ, ಇದಕ್ಕೆ ಅರ್ಥವಾಯ್ತೋ ಇಲ್ಲವೋ ಗೊತ್ತಾಗುತ್ತಿಲ್ಲವಲ್ಲಪ್ಪ, ಯಾರಾದರೂ ಒಬ್ಬ ಮನುಷ್ಯರನ್ನು ಕೂರಿಸು ಎಂದರಂತೆ. ನಾನು ಕಾಫಿ ಹಿಡಿದು ಅದೇ ಬಾಗಿಲ ಮುಂದೆ ಹೋಗುತ್ತಿದ್ದೆ, ಸಿಕ್ಕಿಹಾಕಿಕೊಂಡೆ. ಕ್ಯಾಮೆರಾದ ಪಕ್ಕ ಒಂದು ಕುರ್ಚಿ ಹಾಕಿದರು. ಅವತ್ತಿನಿಂದ ಅದು ನನ್ನ ಜಾಗವಾಯಿತು.

ಅವರು ನನ್ನ ಹೆಸರು ಕೇಳಲೇ ಇಲ್ಲ. ಎರಡನೇ ಬೆಂಚು ಎಂದೇ ಕರೆದರು. ಯಾಕೆ ಸಾರ್ ಎರಡನೇದು, ಒಂದೇ ಕುರ್ಚಿ ಇರುವುದು ಎಂದೆ. ಮೊದಲನೇ ಬೆಂಚಿನವರು ಮೇಷ್ಟ್ರ ಬಾಯಿ ನೋಡುತ್ತಾರೆ, ಕೊನೇ ಬೆಂಚಿನವರು ಕಿಟಕಿ ನೋಡುತ್ತಾರೆ, ಎರಡನೇ ಬೆಂಚಿನವರು ಮಾತ್ರ ಹಲಗೆ ನೋಡುತ್ತಾರೆ ಎಂದರು. ನಾನು ನೋಡುತ್ತಿದ್ದುದು ತೊಡೆ ಮೇಲಿನ ಲ್ಯಾಪ್‌ಟಾಪ್. ಅದನ್ನು ಅವರು ಗಮನಿಸಿರಲಿಲ್ಲ ಎಂದೇ ನಂಬಿದ್ದೆ, ನನ್ನ ಬುದ್ಧಿಗಿಷ್ಟು!

ಅವರಿಗೆ ಒಂದು ಪದ್ಧತಿಯಿತ್ತು. ಪಾಠದ ನಡುವೆ ಒಂದು ಪ್ರಶ್ನೆ ಕೇಳುವುದು, ಕೇಳಿದ ಕೂಡಲೇ ಬೆನ್ನು ತಿರುಗಿಸಿ ಹಲಗೆ ಒರೆಸುವುದು. ಹನ್ನೆರಡು ಎಣಿಸಿದ ಮೇಲಷ್ಟೇ ಉತ್ತರ. ಕ್ಯಾಮೆರಾದವನು ತಲೆ ಚಚ್ಚಿಕೊಂಡ. ಸಾರ್, ವಿಡಿಯೋದಲ್ಲಿ ಬರೀ ಬೆನ್ನು ಬರ್ತಾ ಇದೆ ಎಂದ. ಬರಲಿ ಬಿಡಪ್ಪ, ಎಲ್ಲರಿಗೂ ಇರೋದೇ ತಾನೆ ಎಂದರು.

ಒಂದು ದಿನ ಊಟದ ಹೊತ್ತಿನಲ್ಲಿ ನಾನೇ ಕೇಳಿದೆ. ಕ್ಯಾಂಟೀನಿನ ಗದ್ದಲ ಅವರಿಗೆ ಆಗುತ್ತಿರಲಿಲ್ಲ. ಕಟ್ಟಡದ ಹಿಂದೆ ಜನರೇಟರಿನ ಪಕ್ಕ ನಾಲ್ಕು ಮೆಟ್ಟಿಲಿದ್ದವು, ನಾವು ಅಲ್ಲಿ ಕೂತು ತಿನ್ನುತ್ತಿದ್ದೆವು. ತಮ್ಮ ಡಬ್ಬಿಯ ಮುಚ್ಚಳಕ್ಕೆ ನನ್ನ ಪಾಲು ಹಾಕಿ, ಕಡಲೆಬೀಜ ಆರಿಸಿ ನನ್ನ ಕಡೆ ತಳ್ಳುತ್ತಿದ್ದರು, ಹಲ್ಲು ಸರಿಯಿಲ್ಲ ಎಂದು ನೆಪ.

"ನಮ್ಮಲ್ಲಿಗೆ ಬರೋ ಹುಡುಗ್ರು ಹತ್ತನೇ ಕ್ಲಾಸಲ್ಲಿ ಏಟು ತಿಂದು ಬಂದಿರೋರು ಕಣಮ್ಮ. ಪ್ರಶ್ನೆ ಅಂದ್ರೆ ಸಾಕು, ಕುತ್ತಿಗೆ ಬಗ್ಗಿಸ್ತವೆ. ಉತ್ತರ ಗೊತ್ತಿಲ್ಲ ಅಂತಲ್ಲ, ಹೇಳೋಕೆ ಹೊತ್ತು ಬೇಕು. ನಾನು ಮುಖಾನೇ ನೋಡ್ತಾ ಕಾದ್ರೆ ಅದು ಪೊಲೀಸ್ ಕೆಲಸ ಆಯ್ತದೆ. ಅದಕ್ಕೇ ಆ ಕಡೆ ತಿರುಕ್ಕೊಂಡ್ಬಿಡ್ತೀನಿ. ಯಾರೂ ನೋಡ್ತಿಲ್ಲ ಅಂದ್ರೆ ಮನುಷ್ಯ ನಿಜ ಹೇಳ್ತಾನೆ."

ಹನ್ನೆರಡೇ ಯಾಕೆ ಎಂದೆ. ಹತ್ತಕ್ಕೆ ಬಾಯಿ ತೆರೆಯುವವರು ಇರುತ್ತಾರೆ, ಅವರಿಗೆ ಇನ್ನೆರಡು ಬೇಕಾಗುತ್ತದೆ ಎಂದರು.

ಅವರು ಮದುವೆಯಾಗಿರಲಿಲ್ಲ. ತಿಪಟೂರಿನ ಕಡೆ ಒಬ್ಬ ತಂಗಿ ಇದ್ದಳಂತೆ. ರಿಟೈರಾದ ಮೊದಲ ವಾರ ಬೆಳಿಗ್ಗೆ ಎಂಟಕ್ಕೆ ಸ್ನಾನ ಮಾಡಿ, ಅಂಗಿ ಹಾಕಿಕೊಂಡು, ಹೋಗಲು ಜಾಗವಿಲ್ಲದೆ ಬಸ್ ಸ್ಟಾಪಿನವರೆಗೆ ಹೋಗಿ ಬರುತ್ತಿದ್ದರಂತೆ. ಇದನ್ನು ನಗುತ್ತಾ ಹೇಳಿದರು. ನನಗೆ ನನ್ನ ಭಾನುವಾರಗಳು ನೆನಪಾದವು. ನಾನೂ ಮಾರತಹಳ್ಳಿಯವರೆಗೆ ಹೋಗಿ, ಏನೂ ಕೊಳ್ಳದೆ ವಾಪಸ್ ಬರುತ್ತಿದ್ದೆ. ಅವರಿಗೆ ಅದನ್ನು ಹೇಳಿದೆ. ಬೇರೆ ಯಾರಿಗೂ ಹೇಳಿರಲಿಲ್ಲ.

ಪಾಠಗಳಲ್ಲಿ ಅವರು ಪದೇ ಪದೇ ಹೇಳುತ್ತಿದ್ದುದು ಒಂದೇ ಮಾತು. ವರ್ನಿಯರಿಗೆ ಎರಡು ದವಡೆ. ಅವುಗಳ ನಡುವೆ ತುಂಡನ್ನು ಹಿಡಿದು ಅಳತೆ ಓದಬೇಕು. ಆದರೆ ಅದಕ್ಕೂ ಮೊದಲು, ಏನನ್ನೂ ಹಿಡಿಯದೆ, ದವಡೆ ಪೂರಾ ಮುಚ್ಚಿ, ಸೊನ್ನೆ ಸೊನ್ನೆಯ ಮೇಲೇ ಕೂತಿದೆಯಾ ಎಂದು ನೋಡಬೇಕು. ಕೂತಿಲ್ಲದಿದ್ದರೆ ತಪ್ಪು ಉಪಕರಣದ್ದು, ಆಮೇಲೆ ನೀನು ಎಷ್ಟು ಚೆನ್ನಾಗಿ ಅಳೆದರೂ ಅಳತೆ ಸುಳ್ಳು. "ಮೊದಲು ಸೊನ್ನೆ ನೋಡು, ಆಮೇಲೆ ಲೋಕ ಅಳೆ" ಎಂದು ಹೇಳಿ ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಏಳು ಪಾಠ ಜನರ ಮೊಬೈಲಿಗೆ ಹೋದ ಮೇಲೆ ನಾನು ನನ್ನ ಗೆರೆ ಎಳೆದೆ. ಪ್ರತಿ ಪಾಠದಲ್ಲೂ ಒಂದು ಜಾಗದಲ್ಲಿ ಗೆರೆ ದೊಪ್ಪೆಂದು ಬಿದ್ದಿತ್ತು. ಸಮಯ ಹೋಲಿಸಿ ನೋಡಿದರೆ ಅದು ಅವರು ಬೆನ್ನು ತಿರುಗಿಸುವ ಜಾಗವೇ. ಪ್ರಶ್ನೆ ಕೇಳಿ ಆ ಕಡೆ ತಿರುಗುತ್ತಾರೆ, ಜನ ಎದ್ದು ಹೋಗುತ್ತಾರೆ. ಎಷ್ಟು ಚೊಕ್ಕವಾಗಿ ಕಾಣುತ್ತಿತ್ತೆಂದರೆ ನನಗೆ ಖುಷಿ ತಡೆಯಲಾಗಲಿಲ್ಲ, ಸಂಶೋಧಕಿಗೆ ಇಂಥದ್ದು ಅಪರೂಪಕ್ಕೆ ಸಿಗುವುದು. ಕೆಂಪು ಬಣ್ಣ ಹಾಕಿ, ಬಾಣದ ಗುರುತಿಟ್ಟು ಮೀಟಿಂಗಿನಲ್ಲಿ ತೋರಿಸಿದೆ. ನಮ್ಮ ಪ್ರಾಜೆಕ್ಟ್ ಹೆಡ್ ಒಳ್ಳೆಯ ಮನುಷ್ಯ, ಯಾರನ್ನೂ ನೋಯಿಸುವವರಲ್ಲ. ಅವರೇ ಮೇಷ್ಟ್ರನ್ನು ಕರೆಸಿ, ಗೌರವದಿಂದಲೇ, ಆ ಹನ್ನೆರಡು ಸೆಕೆಂಡು ತೆಗೆದುಬಿಡೋಣ ಸಾರ್, ಮುಂದಿನ ಪಾಠಗಳಲ್ಲೂ ತಿರುಗುವುದು ಬೇಡ ಎಂದರು.

ಮೇಷ್ಟ್ರು ಪರದೆಯ ಮೇಲಿನ ಕೆಂಪು ಗೆರೆಯನ್ನು ಹತ್ತಿರ ಹೋಗಿ ನೋಡಿದರು, ಬೆರಳಿಟ್ಟು ನೋಡಿದರು. ಆಮೇಲೆ ಹೆಡ್ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದರು.

"ಅಳತೆ ಸರಿ ಇದೆಯೇನಮ್ಮ?"

"ಸರಿ ಇದೆ ಸಾರ್."

"ಅಂಗಾದ್ರೆ ತೆಗೀರಿ" ಎಂದರು.

ಅಷ್ಟೇ. ವಾದ ಮಾಡಲಿಲ್ಲ. ಇಡೀ ಜೀವನ ಅಳತೆ ಕಲಿಸಿದವರು, ಅಳತೆ ಹೇಳಿದ ಮೇಲೆ ಅವರಿಗೆ ಮಾತು ಮುಗಿದಿತ್ತು. ನಾನು ಸರಿ ಇದೆ ಎಂದದ್ದನ್ನು ಅವರು ನಂಬಿದರು.

ಎಂಟನೆಯ ಪಾಠದ ದಿನ ನಾನು ಎಂದಿನಂತೆ ಕುರ್ಚಿಯಲ್ಲಿ ಹೋಗಿ ಕೂತೆ. ಅವರು ಸೀಮೆಸುಣ್ಣ ಆರಿಸುತ್ತಾ, ಕಾಯೋದೇ ಇಲ್ಲ ಅಂದ ಮೇಲೆ ಎದುರಿಗೆ ಯಾರಿದ್ದರೇನು, ನೀನು ಹೋಗಿ ನಿನ್ನ ಕೆಲಸ ನೋಡಿಕೋ ಹೋಗಮ್ಮ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾಡಿ ಅಲ್ಲೇ ಕೂರಬಹುದಿತ್ತು. ಉಳಿದ ಪಾಠಗಳನ್ನು ಅವರು ಯಾರೂ ಇಲ್ಲದ ಕೋಣೆಯಲ್ಲಿ, ತಾವೇ ಕೇಳಿ ತಾವೇ ಹೇಳಿ, ಬೇಗ ಬೇಗ ಮುಗಿಸಿದರು. ಊಟವನ್ನು ಬಸ್ಸಿಗೆ ತಡವಾಗುತ್ತದೆಂದು ಬೇಗ ಮುಗಿಸಿ ಹೊರಡುತ್ತಿದ್ದರು. ನಾನು ಎರಡು ದಿನ ಜನರೇಟರಿನ ಪಕ್ಕದ ಮೆಟ್ಟಿಲಿಗೆ ಹೋದೆ. ಮೂರನೆಯ ದಿನದಿಂದ ನನ್ನ ಸೀಟಿನಲ್ಲೇ ಕೂತು ತಿಂದೆ. ಕೋರ್ಸು ಮುಗಿದ ದಿನ ಅವರು ಎಲ್ಲರಿಗೂ ಕೈಮುಗಿದು ಹೋದರು. ನನ್ನ ಗೆರೆ ಮಾತ್ರ ಈಗ ಎಲ್ಲೂ ಬೀಳದೆ ನೆಟ್ಟಗೆ ಹೋಗುತ್ತಿತ್ತು.

ಒಂದೆರಡು ತಿಂಗಳಾದ ಮೇಲೆ ಹೆಡ್ ನನಗೆ ಹೊಸ ಕೆಲಸ ಹಚ್ಚಿದರು. ಬಿಟ್ಟು ಹೋದವರನ್ನೇ ಹುಡುಕಿ, ಯಾಕೆ ಬಿಟ್ಟಿರಿ ಎಂದು ಕೇಳಿಕೊಂಡು ಬಾ ಎಂದರು. ನನ್ನ ಪಟ್ಟಿಯಲ್ಲಿ ಅತಿ ಹೆಚ್ಚು ಸಲ ಬಿಟ್ಟು ಹೋದವನೊಬ್ಬನಿದ್ದ, ಹೆಸರು ಶರಣಪ್ಪ, ಯಾದಗಿರಿ ಕಡೆಯವನು, ಮಾಕಳಿಯಲ್ಲಿ ವಾಸ. ಒಬ್ಬ ಮನುಷ್ಯ ಅಷ್ಟು ಸಲ ಬಿಟ್ಟು ಹೋಗಲು ಹೇಗೆ ಸಾಧ್ಯ, ಬಿಡಬೇಕಾದರೆ ಮತ್ತೆ ಬಂದಿರಬೇಕಲ್ಲ ಎಂಬ ಪ್ರಶ್ನೆ ನನಗೆ ಬರಬೇಕಿತ್ತು. ಬರಲಿಲ್ಲ.

ಊರಿನ ಹಳೇ ಗೌಡರೊಬ್ಬರು ಹೊಲದಲ್ಲಿ ಸಾಲಾಗಿ ಕಟ್ಟಿಸಿದ ರೂಮುಗಳು. ಒಂದರಲ್ಲಿ ಶರಣಪ್ಪ ಮತ್ತು ಅವನ ಕಡೆಯ ಇನ್ನು ನಾಲ್ವರು. ನಾಲ್ವರೂ ಬೇರೆ ಬೇರೆ ವರ್ಕ್‌ಶಾಪಿನವರು, ಫೋನು ಮಾತ್ರ ಶರಣಪ್ಪನದು. ನಾನು ಕಾಗದ ಪೆನ್ನು ತೆಗೆದು, ಕೋರ್ಸು ಯಾಕೆ ಬಿಟ್ಟಿರಿ ಎಂದು ಕೇಳಿದೆ. ಅವನು ಗೋಡೆಯ ಗೂಡಿನಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ಕು ತೆಗೆದು ನನ್ನ ಮುಂದಿಟ್ಟ. ಪ್ರತಿ ಪುಟದ ಮೇಲೆ ಮೇಷ್ಟ್ರು ಕೇಳಿದ ಪ್ರಶ್ನೆ, ಕೆಳಗೆ ಐದು ಜನರ ಐದು ಉತ್ತರ, ಪೆನ್ಸಿಲಿನಲ್ಲಿ.

"ಮೇಷ್ಟ್ರು ಆ ಕಡಿ ತಿರುಗಿದ್ರು ಅಂದ್ರ ನಾವಿಲ್ಲಿ ನಿಲ್ಲಿಸಿಬಿಡ್ತಿದ್ವಿರಿ" ಎಂದ ಶರಣಪ್ಪ. "ನಮಗ ಬರೀಲಿಕ್ಕ ಟೈಮ್ ಕೊಟ್ಟಾರಲ್ಲರಿ, ಬರೀಬೇಕಲ್ಲ. ಉತ್ರ ಗೊತ್ತಾಗ್ಲಿಲ್ಲಂದ್ರ ಮರುದಿನ ಕಂಪನ್ಯಾಗ ಖರೇನ ಅಳದು ನೋಡಿ, ಸಂಜೀಕ ಬಂದು ಆಮ್ಯಾಲ ಮುಂದ ಹಚ್ಚತಿದ್ವಿ."

ನನ್ನ ಗೆರೆಗೆ ಒಂದು ಕಟ್ಟಳೆಯಿತ್ತು. ಅರ್ಧ ಗಂಟೆ ಯಾರಾದರೂ ಏನನ್ನೂ ಒತ್ತದಿದ್ದರೆ ಅವರು ಬಿಟ್ಟು ಹೋದರು ಎಂದು ಲೆಕ್ಕ. ಆ ಅರ್ಧ ಗಂಟೆಯನ್ನು ಟೈಪು ಮಾಡಿ ಕೂರಿಸಿದವಳು ನಾನೇ. ಮರುದಿನ ಸಂಜೆ ಅದೇ ಜಾಗಕ್ಕೆ ವಾಪಸ್ ಬಂದವರನ್ನು ಹೊಸಬರು ಎಂದು ಬೇರೆ ಸಾಲಿಗೆ ಹಾಕಿದವಳೂ ನಾನೇ. ಇವರು ಕೂತು ಕಲಿಯುತ್ತಿದ್ದ ಹೊತ್ತನ್ನೇ ನಾನು ಎದ್ದು ಹೋದ ಹೊತ್ತು ಎಂದು ಕೆಂಪು ಬಣ್ಣ ಬಳಿದಿದ್ದೆ.

ಮತ್ತೆ ಬಿಟ್ಟದ್ದು ಯಾಕೆ ಎಂದು ಹೇಗೋ ಕೇಳಿದೆ. ಅದಕ್ಕೂ ಶರಣಪ್ಪನೇ ಉತ್ತರ ಕೊಟ್ಟ.

"ಎಂಟನೇ ಪಾಠದಿಂದ ಏನಾತೋ ಏನೋರಿ, ಮೇಷ್ಟ್ರು ತಿರುಗೋದನ್ನ ಬಿಟ್ರು. ತಾವ ಕೇಳ್ತಾರ, ತಾವ ಹೇಳ್ತಾರ. ನಮ್ಮ ಮ್ಯಾಲ ಬ್ಯಾಸರಾಗೇತಿ ಅವರಿಗೆ, ಇವಕ್ಕ ತಲಿಗಿ ಹತ್ತಂಗಿಲ್ಲಂತ ಗೊತ್ತಾಗೇತಿ ಅಂದ್ಕೊಂಡ್ವಿ. ಮತ್ತ ನಾವೂ ಬಿಟ್ವಿ."

ಆಗಲೇ ಬಾಯಿ ಬಿಡಬಹುದಿತ್ತು. ಹಾಗಲ್ಲಪ್ಪ, ತಪ್ಪು ನನ್ನದು ಎಂಬ ಒಂದು ಮಾತು ಸಾಕಿತ್ತು. ನೋಟ್‌ಬುಕ್ಕಿನ ಫೋಟೋ ತೆಗೆದುಕೊಂಡೆ, ಅವರು ಕೊಟ್ಟ ಚಹಾ ಕುಡಿದೆ, ನೋಟ್‌ಬುಕ್ಕಿನ ಹಿಂದೆ ನನ್ನ ನಂಬರು ಬರೆದುಕೊಟ್ಟು ಬಸ್ಸು ಹತ್ತಿದೆ. ಮರುದಿನ ಲೆಕ್ಕವನ್ನು ಮೊದಲಿನಿಂದ ಹಾಕಿದೆ. ಅರ್ಧ ಗಂಟೆಯ ಆ ಕಟ್ಟಳೆ ತೆಗೆದ ಕೂಡಲೇ ಹಳ್ಳವಿದ್ದಲ್ಲೆಲ್ಲ ದಿಬ್ಬ ಎದ್ದಿತು. ಹೆಡ್‌ಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಛೆ ಎಂದರು. ಆ ಕೋರ್ಸು ಮುಗಿದೇ ಹೋಯಿತಲ್ಲ, ಮುಂದಿನದರಲ್ಲಿ ನೋಡಿಕೊಳ್ಳೋಣ ಎಂದರು.

ಮೇಷ್ಟ್ರ ಮನೆಗೆ ಹೋಗಲು ನನಗೆ ಮತ್ತೂ ಎರಡು ತಿಂಗಳು ಬೇಕಾಯಿತು. ದಾಸರಹಳ್ಳಿಯಲ್ಲಿ, ಒಂದು ಬಿಲ್ಡಿಂಗಿನ ಹಿಂಭಾಗದ ಒಂಟಿ ರೂಮು. ಭಾನುವಾರ ಬೆಳಿಗ್ಗೆ ಹೋದರೆ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ಹಾಕಿಕೊಂಡೇ ಕೂತಿದ್ದರು. ಎರಡನೇ ಬೆಂಚು ಬಂತು ಎಂದು ಅವರು ಎದ್ದು ನಿಂತ ರೀತಿ ನೋಡಿ ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ನಾನು ಫೋನು ತೆಗೆದು ನೋಟ್‌ಬುಕ್ಕಿನ ಫೋಟೋಗಳನ್ನು ತೋರಿಸಿದೆ. ಅವರು ನಿಲ್ಲಿಸಿಕೊಂಡು ಬರೆಯುತ್ತಿದ್ದರು ಸಾರ್, ಯಾರೂ ಬಿಟ್ಟು ಹೋಗಿರಲಿಲ್ಲ ಎಂದೆ.

ಕನ್ನಡಕ ಒರೆಸಿ ಹಾಕಿಕೊಂಡು ಒಂದೊಂದೇ ಫೋಟೋ ನೋಡಿದರು. ಫೋಟೋ ದೊಡ್ಡದು ಮಾಡುವುದು ಹೇಗೆಂದು ಹೇಳಿಸಿಕೊಂಡು, ಅಕ್ಷರ ಅಕ್ಷರ ಓದಿದರು. ಒಂದು ಗಂಟೆ ಹಿಡಿಯಿತು. ನಡುನಡುವೆ ನಕ್ಕರು. ಮೂರನೇ ಪ್ರಶ್ನೆಗೆ ಐದೂ ಜನ ತಪ್ಪು ಬರೆದಿದ್ದಾರೆ, ಅಂದರೆ ನಾನೇ ಸರಿಯಾಗಿ ಹೇಳಿಕೊಟ್ಟಿಲ್ಲ ಎಂದು ಮೊಣಕಾಲಿಗೆ ಹೊಡೆದುಕೊಂಡರು. ಅವರ ವಿಳಾಸ ಕೊಡು, ಅಲ್ಲಿಗೆ ಒಂದೇ ಬಸ್ಸು, ಹೋಗಿ ಅದೊಂದನ್ನು ತಿದ್ದಿ ಬರುತ್ತೇನೆ ಎಂದರು. ಬರೆದುಕೊಟ್ಟೆ. ಅವರನ್ನು ಅಷ್ಟು ಸಂತೋಷವಾಗಿ ನಾನು ನೋಡಿದ್ದೇ ಇಲ್ಲ. ಇಷ್ಟಕ್ಕೇ ಮುಗಿಯಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ.

ಅವರು ಫೋನನ್ನು ನನ್ನ ಕೈಗೆ ಕೊಟ್ಟು ಮೆಲ್ಲಗೆ ಕೇಳಿದರು.

"ಅಂಗಾದ್ರೆ ಅವತ್ತು ಅಳತೆ ಯಾಕಮ್ಮ ತಪ್ಪಿತು?"

ಕೇಳಿದವರೇ ಎದ್ದು, ಆ ಕಡೆ ತಿರುಗಿ, ಟವೆಲು ತೆಗೆದುಕೊಂಡು ಗೋಡೆಯ ಶೆಲ್ಫು ಒರೆಸತೊಡಗಿದರು. ಮೇಲಿನಿಂದ ಕೆಳಕ್ಕೆ, ನಿಧಾನವಾಗಿ. ಆ ಬೆನ್ನು ನನಗೆ ಗೊತ್ತಿತ್ತು. ನಾನು ಎಣಿಸಿದೆ. ಐದು, ಆರು. ಸೊನ್ನೆ ನೋಡಿರಲಿಲ್ಲ ಸಾರ್, ನನ್ನದೇ ತಪ್ಪು ಎಂದರೆ ಮುಗಿಯಿತು, ಐದು ಪದ. ಒಂಬತ್ತು, ಹತ್ತು. ಬಾಯಿ ತೆರೆದೆ.

"ಸಾಫ್ಟ್‌ವೇರ್ ಪ್ರಾಬ್ಲಮ್ ಸಾರ್."

ಅವರು ಆಮೇಲೂ ಎರಡು ಎಣಿಸುವಷ್ಟು ಹೊತ್ತು ಒರೆಸಿದರು. ಆಮೇಲೆ ತಿರುಗಿ, ಸರಿ ಬಿಡು, ಊಟ ಮಾಡಿಕೊಂಡು ಹೋಗು ಎಂದರು. ಚಿತ್ರಾನ್ನವೇ ಇತ್ತು. ಕಡಲೆಬೀಜ ನನ್ನ ತಟ್ಟೆಗೇ ಬಂದವು.

ಮತ್ತೆ ನಾನು ಅವರನ್ನು ನೋಡಲಿಲ್ಲ. ಕೆಲಸ ಬದಲಿಸಿ ಎಲೆಕ್ಟ್ರಾನಿಕ್ ಸಿಟಿಗೆ ಹೋದೆ, ಅಲ್ಲಿಂದ ದಾಸರಹಳ್ಳಿ ದೂರ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಎರಡು ಮೂರು ಸಲ ಫೋನು ಮಾಡಿದರು. ಮೀಟಿಂಗಿನಲ್ಲಿದ್ದೇನೆ ಸಾರ್ ಎಂದೆ. ಪಿಜಿಯ ಮಂಚದ ಮೇಲೆ ಒಬ್ಬಳೇ ಕೂತು ಹಾಗೆ ಹೇಳಿದ್ದೂ ಇದೆ. ಈ ಊರಿನಲ್ಲಿ ನನ್ನನ್ನು ಕಾರಣವಿಲ್ಲದೆ ನೆನೆಸಿಕೊಂಡು ಫೋನು ಮಾಡುತ್ತಿದ್ದವರು ಅವರೊಬ್ಬರೇ, ಅವರಿಂದಲೇ ತಲೆ ತಪ್ಪಿಸಿಕೊಂಡೆ.

ಕೊನೆಗೆ ಶರಣಪ್ಪನ ಫೋನು ಬಂತು. ನೋಟ್‌ಬುಕ್ಕು ತುಂಬಿ, ಹಿಂದಿನ ಪುಟ ತಿರುಗಿಸಿದಾಗ ನನ್ನ ನಂಬರು ಕಂಡಿತಂತೆ. ಮೂರನೇ ಪ್ರಶ್ನೆ ತಿದ್ದಲು ಹೋದ ಮೇಷ್ಟ್ರು ಆಮೇಲೆ ಪ್ರತಿ ಭಾನುವಾರ ಹೋಗಿದ್ದಾರೆ. ಎರಡು ವರ್ಷ! ನನಗೆ ಸುಳಿವೇ ಇರಲಿಲ್ಲ. ಒಂದು ಭಾನುವಾರ ಅವರು ಬರಲಿಲ್ಲ.

"ಅರ್ಧ ತಾಸು ನೋಡಿದ್ವಿರಿ" ಎಂದ ಶರಣಪ್ಪ. "ಆಮ್ಯಾಲ ಹುಡುಕ್ಕೊಂತ ಅವರ ಮನೀಗೆ ಹ್ವಾದ್ವಿ."

ಬಾಗಿಲು ತೆಗೆಸಿದವರೂ ಇವರೇ, ತಿಪಟೂರಿಗೆ ತಿಳಿಸಿ ಹೆಗಲು ಕೊಟ್ಟವರೂ ಇವರೇ. ಅರ್ಧ ಗಂಟೆಯಾದ ಮೇಲೆ ನಾನು ಜನರನ್ನು ಲೆಕ್ಕದಿಂದ ತೆಗೆದಿದ್ದೆ, ಇವರು ಎದ್ದು ಹುಡುಕಲು ಹೋಗಿದ್ದರು. ಭಾನುವಾರದ ಕ್ಲಾಸು ಈಗಲೂ ನಡೆಯುತ್ತಿದೆ, ಒಮ್ಮೆ ಬರ್ರಿ ಎಂದು ಹೇಳಿ ಅವನು ಫೋನಿಟ್ಟ.

ಈ ಸಲ ಎರಡು ತಿಂಗಳು ತೆಗೆದುಕೊಳ್ಳಲಿಲ್ಲ. ಬಂದ ಭಾನುವಾರವೇ ಹೋದೆ. ಮಾಕಳಿಯ ಅದೇ ರೂಮು, ಗೋಡೆಗೆ ಒರಗಿಸಿದ ಪ್ಲೈವುಡ್ಡಿಗೆ ಕಪ್ಪು ಬಣ್ಣ ಬಳಿದ ಹಲಗೆ, ಅದರ ಕೆಳಗೆ ಮೇಷ್ಟ್ರ ಬಟ್ಟೆಚೀಲ. ಚಾಪೆಗಳ ಮೇಲೆ ಏಳೆಂಟು ಜನ ಎರಡು ಸಾಲಾಗಿ ಕೂತಿದ್ದರು. ನಾನು ಬಾಗಿಲ ಬಳಿ ಕೂರಲು ಹೋದೆ. ಶರಣಪ್ಪ ಬೇಡವೆಂದು ಎರಡನೆಯ ಸಾಲಿನ ನಡುವೆ ಕೈ ತೋರಿಸಿದ. ಅಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು.

"ಅದು ನಿಮ್ಮ ಜಾಗಾರಿ. ಮೇಷ್ಟ್ರು ಅಲ್ಲಿ ಯಾರನ್ನೂ ಕೂಡಗೊಡ್ತಿದ್ದಿಲ್ಲ. ಎರಡನೇ ಬೆಂಚು ಬರ್ತದ, ಅದಕ್ಕ ಸ್ವಲ್ಪ ಟೈಮ್ ಬೇಕು ಅಂತಿದ್ರು."

ಕೂತೆ. ಕ್ಲಾಸು ಶುರುವಾಗಬೇಕಿತ್ತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎರಡು ವರ್ಷ ಆ ಮನುಷ್ಯ ನನಗಾಗಿ ಎಣಿಸುತ್ತಲೇ ಇದ್ದರು, ನಾನು ಮೀಟಿಂಗಿನಲ್ಲಿದ್ದೆ. ಆಗ ಅಳು ಬಂತು. ಅಳುತ್ತಲೇ ಹೇಳಿದೆ.

"ಮೇಷ್ಟ್ರಿಗೆ ನಿಮ್ಮ ಮೇಲೆ ಬೇಸರ ಆಗಿರಲಿಲ್ಲ. ಅವರು ತಿರುಗೋದನ್ನ ನಿಲ್ಲಿಸಿದ್ದು ನನ್ನಿಂದ. ನೀವೆಲ್ಲ ಬಿಟ್ಟು ಹೋಗ್ತಿದ್ದೀರಿ ಅಂತ ಲೆಕ್ಕ ಕೊಟ್ಟವಳು ನಾನು. ನಾನು ಸೊನ್ನೆ ನೋಡಿರಲಿಲ್ಲ."

ಹೊರಗೆ ತುಮಕೂರು ರಸ್ತೆಯಲ್ಲಿ ಲಾರಿಗಳು ಹೋಗುವ ಸದ್ದು ಕೇಳುತ್ತಿತ್ತು. ಮೇಷ್ಟ್ರಿಗೆ ಹೇಳಿದ ಸುಳ್ಳನ್ನು ಹೇಳುವುದು ಇನ್ನೂ ಬಾಕಿಯಿತ್ತು. ಶರಣಪ್ಪ ನನ್ನನ್ನು ಒಂದು ಸಲ ನೋಡಿದ. ಆಮೇಲೆ ಎದ್ದು, ಚೀಲದಿಂದ ಡಸ್ಟರು ತೆಗೆದು, ನನ್ನ ಕಡೆ ಬೆನ್ನು ಮಾಡಿ ನಿಂತು, ಹಲಗೆಯನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಒರೆಸತೊಡಗಿದ. ಹಲಗೆಯ ಮೇಲೆ ಏನೂ ಬರೆದಿರಲಿಲ್ಲ.